ಮನಶ್ಶಾಸ್ತ್ರಜ್ಞರು ಎಲ್ಲಿ ಕಲಿಯಬೇಕು?

ಆಲೂರು ತಾಲ್ಲೂಕಿನ ಕೆ. ಹೊಸಕೋಟೆಯ ಹೆಸರಿನಲ್ಲಿರುವ ‘ಕೆ’ ಅಕ್ಷರ ಕೆಂಚಮ್ಮನದು. ಕೆಂಚಮ್ಮನ ಹೊಸಕೋಟೆ ಎಂಬುದು ಊರಿನ ಪೂರ್ತಿ ಹೆಸರು. ಹಾಸನದಲ್ಲಿ ಹುಟ್ಟಿದ ರಾಜಾ ರಾವ್ ೧೯೩೮ರಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ಕಾದಂಬರಿ ‘ಕಾಂತಾಪುರ’ದ ಹಳ್ಳಿಯನ್ನು ಕಾಯಲು ನಿಲ್ಲಿಸಿದ್ದೂ ಕೆಂಚಮ್ಮ ಎಂಬ ದೇವತೆಯನ್ನೇ. ಊರಿಗೆ ಕಾಯಿಲೆ ಕಸಾಲೆ ಬಂದರೆ ಆ ಹಳ್ಳಿಯವರು ಆಕೆಗೆ ಹರಕೆ ಹೊರುತ್ತಾರೆ. ಸಕಲೇಶಪುರ, ಆಲೂರು ಸೀಮೆಯ ಓದುಗರಿಗೆ ಇದರಲ್ಲಿ ಕಾದಂಬರಿಕಾರನ ಕಲ್ಪನೆಯೇನೂ ಕಾಣಲಾರದು. ಮೈಗೆ ಬಂದ ಕಷ್ಟವನ್ನೂ ಮನಸ್ಸಿಗೆ ಬಂದ ಕಷ್ಟವನ್ನೂ ಬೇರೆ ಬೇರೆ ಗಂಟು ಕಟ್ಟದೆ ಒಂದೇ ಬಾಗಿಲಿಗೆ ಒಯ್ಯುವುದು ಇಲ್ಲಿನ ಹಳೆಯ ರೂಢಿ.

ಈಗ ಆ ಬಾಗಿಲಿನ ಜೊತೆಗೆ ಸರ್ಕಾರಿ ಆಸ್ಪತ್ರೆಯ ಬಾಗಿಲೂ ಇದೆ. ಬಯಲುಸೀಮೆಯಲ್ಲಿ ೩೦,೦೦೦ ಜನಕ್ಕೊಂದು, ಗುಡ್ಡಗಾಡಿನಲ್ಲಿ ೨೦,೦೦೦ ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕೆಂಬುದು ಸರ್ಕಾರದ ಲೆಕ್ಕ. ಮಲೆನಾಡಿನ ಇಂಥ ಯಾವುದೇ ಕೇಂದ್ರದ ಮುಂದೆ ಬೆಳಿಗ್ಗೆ ಹತ್ತು ಗಂಟೆಗೆ ಚೀಟಿ ಹಿಡಿದ ಸಾಲು ನಿಂತಿರುತ್ತದೆ. ಜ್ವರ, ಕೆಮ್ಮು, ಕತ್ತಿ ತಾಗಿದ ಗಾಯ, ಬಿ.ಪಿ., ಸಕ್ಕರೆ ಕಾಯಿಲೆ ಇವೆಲ್ಲ ಇದ್ದದ್ದೇ. ಇವುಗಳ ನಡುವೆ ಹೆಸರಿಲ್ಲದ ಕೆಲವು ದೂರುಗಳೂ ಬರುತ್ತವೆ. ‘ತಲೆ ಗುಂಯ್ ಅಂತದೆ’, ‘ಎದೆ ಹೊಡ್ಕೊಳ್ತದೆ’, ‘ಕೈಕಾಲಲ್ಲಿ ಶಕ್ತಿನೇ ಇಲ್ಲ’, ‘ರಾತ್ರಿ ಕಣ್ಣು ಮುಚ್ಚಕ್ಕಾಗಲ್ಲ ಡಾಕ್ಟ್ರೇ’. ವೈದ್ಯರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ನೋಡುತ್ತಾರೆ, ಏನೂ ಸಿಗುವುದಿಲ್ಲ. ಒಂದು ಟಾನಿಕ್ ಬರೆಯುತ್ತಾರೆ, ನಾಲ್ಕು ನೋವಿನ ಮಾತ್ರೆ ಕೊಡುತ್ತಾರೆ. ಹಟ ಹಿಡಿದರೆ ಒಂದು ಇಂಜೆಕ್ಷನ್. ಹದಿನೈದು ದಿನಕ್ಕೆ ಮತ್ತೆ ಅದೇ ಮನುಷ್ಯ, ಅದೇ ದೂರು.

ಕಾರಣಗಳು ಊರಿನವರಿಗೆ ಗೊತ್ತಿಲ್ಲದವೇನಲ್ಲ. ಸಾಲ, ಕುಡಿತ, ಹೆರಿಗೆಯ ನಂತರದ ದಿನಗಳು, ಬೆಂಗಳೂರು ಸೇರಿದ ಮಕ್ಕಳು, ಮಳೆಗೆ ಕಳಚಿಬಿದ್ದ ಕಾಫಿ. ಈ ಸೀಮೆಯಲ್ಲಿ ಇವುಗಳ ಜೊತೆಗೆ ಆನೆಯ ಭಯವೂ ಇದೆ. ಮೈಸೂರು ದಸರಾದಲ್ಲಿ ಅಂಬಾರಿ ಹೊತ್ತಿದ್ದ ಅರ್ಜುನ ೨೦೨೩ರ ಡಿಸೆಂಬರ್ ೪ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಬಳಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸತ್ತಾಗ ನಾಡೆಲ್ಲ ಮರುಗಿತು. ಅಂಥ ಪಳಗಿದ ಆನೆಯನ್ನೇ ಕೆಡವಿದ ಕಾಡಾನೆ ಸುಳಿದಾಡುವ ತೋಟಗಳಿಗೆ ಮಂಜು ಹರಿಯುವ ಮುನ್ನ ಕೆಲಸಕ್ಕೆ ನಡೆದುಹೋಗುವ ಹೆಣ್ಣಾಳಿಗೆ ರಾತ್ರಿ ನಿದ್ದೆ ಬರುವುದಿಲ್ಲ ಎಂದರೆ ಅದು ಕಾಯಿಲೆಯೋ, ಬುದ್ಧಿವಂತಿಕೆಯೋ? ಇದನ್ನು ಕೂತು ವಿಚಾರಿಸುವ ಪುರುಸೊತ್ತು ದಿನಕ್ಕೆ ನೂರು ಚೀಟಿ ನೋಡುವ ವೈದ್ಯರಿಗೆ ಇರುವುದಿಲ್ಲ. ಅವರ ಕಲಿಕೆಯಲ್ಲೂ ಇದಕ್ಕೆ ಸಿಕ್ಕ ಜಾಗ ಚಿಕ್ಕದು.

ಇಂಥವರು ಎಷ್ಟು ಮಂದಿ ಇರಬಹುದು? ವಿಶ್ವ ಆರೋಗ್ಯ ಸಂಸ್ಥೆ ೧೯೯೦ರ ದಶಕದ ಆರಂಭದಲ್ಲಿ ೧೪ ದೇಶಗಳ ೧೫ ಕೇಂದ್ರಗಳಲ್ಲಿ ಒಂದು ದೊಡ್ಡ ಅಧ್ಯಯನ ನಡೆಸಿತು. ಮನೋರೋಗದ ಆಸ್ಪತ್ರೆಗಳನ್ನು ಬಿಟ್ಟು, ಸಾಮಾನ್ಯ ಕಾಯಿಲೆಗೆಂದು ಸಾಮಾನ್ಯ ವೈದ್ಯರ ಬಳಿ ಬಂದವರನ್ನೇ ಅದು ಪರೀಕ್ಷಿಸಿತು. ಆ ಹದಿನೈದರಲ್ಲಿ ನಮ್ಮ ಬೆಂಗಳೂರೂ ಒಂದು. ೧೯೯೫ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಬಂದವರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಗುರುತಿಸಬಹುದಾದ ಮಾನಸಿಕ ತೊಂದರೆ ಇತ್ತು. ಖಿನ್ನತೆ, ಆತಂಕ, ಕುಡಿತದ ಚಟ ಮುಖ್ಯವಾದವು. ಇವರಲ್ಲಿ ಸುಮಾರು ಅರ್ಧದಷ್ಟು ಮಂದಿಯ ತೊಂದರೆ ವೈದ್ಯರ ಕಣ್ಣಿಗೆ ಬಿದ್ದಿರಲಿಲ್ಲ. ನಿಮ್ಹಾನ್ಸ್ ನೇತೃತ್ವದಲ್ಲಿ ೨೦೧೫–೧೬ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ವಯಸ್ಕರಲ್ಲಿ ಶೇ. ೧೦.೬ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇದೆ ಎಂದಿತು. ಅಂದರೆ ಊರಿನಲ್ಲಿ ಹತ್ತರಲ್ಲಿ ಒಬ್ಬರು, ಆಸ್ಪತ್ರೆಯ ಸಾಲಿನಲ್ಲಿ ನಾಲ್ವರಲ್ಲಿ ಒಬ್ಬರು. ಎರಡೂ ಅಧ್ಯಯನಗಳ ವಿಧಾನ ಬೇರೆ, ಕಾಲವೂ ಬೇರೆ. ಲೆಕ್ಕವನ್ನು ಪೈಸೆಗೆ ಪೈಸೆ ಹೋಲಿಸಬಾರದು. ಆದರೂ ಮನಸ್ಸಿನ ನೋವು ಎಲ್ಲಿ ಬಂದು ಸಾಲು ನಿಲ್ಲುತ್ತದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇನ್ನು ಈ ನೋವನ್ನು ಕೇಳಲು ತರಬೇತಾದವರು ಎಲ್ಲಿದ್ದಾರೆ ಎಂಬ ಪ್ರಶ್ನೆ. ಇಲ್ಲಿ ಒಂದು ವ್ಯತ್ಯಾಸವನ್ನು ಹೇಳಿಬಿಡಬೇಕು. ವಿದ್ಯಾವಂತರೂ ಇದರಲ್ಲಿ ಎಡವುತ್ತಾರೆ. ಮನೋವೈದ್ಯರು ಎಂದರೆ ವೈದ್ಯಪದವಿಯ ಮೇಲೆ ಮನೋರೋಗ ಚಿಕಿತ್ಸೆಯನ್ನು ಓದಿದವರು, ಔಷಧಿ ಬರೆಯಬಲ್ಲವರು. ಕ್ಲಿನಿಕಲ್ ಸೈಕಾಲಜಿ ಓದಿದ ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಬೇರೆ. ಅವರು ಔಷಧಿ ಬರೆಯುವುದಿಲ್ಲ. ಪರೀಕ್ಷೆಗಳಿಂದ ಮನಸ್ಸಿನ ಸ್ಥಿತಿಯನ್ನು ಅಳೆಯುವುದು, ಮಾತಿನ ಮೂಲಕ, ಅಭ್ಯಾಸಗಳನ್ನು ತಿದ್ದುವ ಮೂಲಕ ಚಿಕಿತ್ಸೆ ಕೊಡುವುದು ಅವರ ಕೆಲಸ. ‘ಸೈಕಾಲಜಿ ಡಾಕ್ಟ್ರು’ ಎಂದು ಜನ ಇಬ್ಬರನ್ನೂ ಒಂದೇ ಹೆಸರಿನಿಂದ ಕರೆಯುವುದುಂಟು.

ಈ ವಿದ್ಯೆ ಕನ್ನಡನಾಡಿಗೆ ಹೊಸದೇನಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ೧೯೨೪ರಲ್ಲೇ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿ. ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ ಎಂಬ ಹೆಸರಿನ ರೇಡಿಯೋ ಕೇಂದ್ರ ನಡೆಸಿದ ಗೋಪಾಲಸ್ವಾಮಿಯವರೂ ಇವರೇ. ಮನಶ್ಶಾಸ್ತ್ರಜ್ಞನೊಬ್ಬ ನಾಡಿಗೆ ಕೊಟ್ಟ ಹೆಸರು ಆಮೇಲೆ ದೇಶದ ಬಾನುಲಿಯ ಹೆಸರೇ ಆಯಿತು. ಕನ್ನಡದ ಓದುಗರೂ ಈ ವಿಷಯವನ್ನು ದೂರವಿಟ್ಟವರಲ್ಲ. ‘ಕೊರವಂಜಿ’ಯ ರಾಶಿ, ಅಂದರೆ ಡಾ. ಎಂ. ಶಿವರಾಂ, ಮನಸ್ಸಿನ ಕಾಯಿಲೆಗಳನ್ನು ಕುರಿತು ಬರೆದ ‘ಮನಮಂಥನ’ಕ್ಕೆ ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಥೆ ಕವಿತೆಗಳಿಗೆ ಸಲ್ಲುವ ಮನ್ನಣೆ ಮನೋರೋಗದ ಪುಸ್ತಕಕ್ಕೆ ಸಂದದ್ದು ಸಣ್ಣ ಮಾತಲ್ಲ.

ಚಿಕಿತ್ಸೆಯ ತರಬೇತಿ ಶುರುವಾದದ್ದು ಬೆಂಗಳೂರಿನಲ್ಲಿ. ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ೧೯೫೪ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ತಲೆಯೆತ್ತಿತು; ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮುಖ್ಯಸ್ಥರು. ಮರುವರ್ಷವೇ ಅಲ್ಲಿ ವೈದ್ಯರಿಗೊಂದು, ಮನಶ್ಶಾಸ್ತ್ರ ಓದಿದವರಿಗೊಂದು ಡಿಪ್ಲೊಮಾ ಆರಂಭವಾದವು. ಎರಡನೆಯದೇ ಮುಂದೆ ಎಂ.ಫಿಲ್. ಆಗಿ ಬೆಳೆಯಿತು. ಆ ವಿಭಾಗದಲ್ಲಿ ಪಾಠ ಹೇಳಿದವರಲ್ಲಿ ಆಗಮ, ಶಿಲ್ಪ, ಬೌದ್ಧಶಾಸ್ತ್ರಗಳ ವಿದ್ವಾಂಸರೆಂದು ನಾಡು ಬಲ್ಲ ಸಾ.ಕೃ. ರಾಮಚಂದ್ರರಾಯರೂ ಒಬ್ಬರು. ಆಸ್ಪತ್ರೆ ಮತ್ತು ಸಂಸ್ಥೆ ೧೯೭೪ರ ಕೊನೆಯಲ್ಲಿ ಕೂಡಿಕೊಂಡು ನಿಮ್ಹಾನ್ಸ್ ಆದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ.

ತರಬೇತಿ ಆಸ್ಪತ್ರೆಯ ಆವರಣದಲ್ಲಿ ಹುಟ್ಟಿತು ಎಂಬುದನ್ನು ಸ್ವಲ್ಪ ಗಮನಿಸಬೇಕು. ಕಲಿಯುವ ಜಾಗ ಕಲಿಯುವವನ ಕಣ್ಣನ್ನು ರೂಪಿಸುತ್ತದೆ. ದೊಡ್ಡಾಸ್ಪತ್ರೆಗೆ ಬರುವವರು ಕಾಯಿಲೆ ಬಲಿತ ಮೇಲೆ, ಮನೆಯವರು ಎಲ್ಲ ದೇವರನ್ನೂ ಎಲ್ಲ ವೈದ್ಯರನ್ನೂ ಕಂಡು ಸೋತ ಮೇಲೆ ಬರುತ್ತಾರೆ. ಅಲ್ಲಿ ಎರಡು ವರ್ಷ ಕಳೆದ ವಿದ್ಯಾರ್ಥಿಗೆ ಕಠಿಣ ಮನೋರೋಗಗಳು ಕರತಲಾಮಲಕವಾಗುತ್ತವೆ. ಚೀಟಿಯ ಸಾಲಿನಲ್ಲಿ ‘ಶಕ್ತಿನೇ ಇಲ್ಲ’ ಎನ್ನುವ ಹೆಂಗಸು ಆತನ ಕಣ್ಣೆದುರು ಬರುವುದೇ ಇಲ್ಲ. ತನಗೆ ಮನಸ್ಸಿನ ಕಾಯಿಲೆ ಇದೆ ಎಂದು ಆಕೆ ಅಂದುಕೊಂಡೇ ಇಲ್ಲವಲ್ಲ!

ಇದು ನಮ್ಮಲ್ಲಿ ಮಾತ್ರ ಆದ ಕಥೆಯಲ್ಲ. ಅಮೆರಿಕದಲ್ಲಿ ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರ ಮನಸ್ಸುಗಳು ಜರ್ಜರಿತವಾಗಿದ್ದವು. ನೋಡಿಕೊಳ್ಳಲು ಜನ ಸಾಲದಾಯಿತು. ಮಾಜಿ ಸೈನಿಕರ ಆಡಳಿತ ಇಲಾಖೆ ೧೯೪೬ರಿಂದ ತನ್ನ ಆಸ್ಪತ್ರೆಗಳಲ್ಲಿ ಮನಶ್ಶಾಸ್ತ್ರದ ವಿದ್ಯಾರ್ಥಿಗಳನ್ನು ಸಂಬಳ ಕೊಟ್ಟು ತರಬೇತು ಮಾಡಿತು. ೧೯೪೯ರಲ್ಲಿ ಕೊಲರಾಡೊದ ಬೋಲ್ಡರ್ ಪಟ್ಟಣದಲ್ಲಿ ಸೇರಿದ ಸಮ್ಮೇಳನ, ಚಿಕಿತ್ಸಾ ಮನಶ್ಶಾಸ್ತ್ರಜ್ಞ ವಿಜ್ಞಾನಿಯೂ ಆಗಿರಬೇಕು, ಚಿಕಿತ್ಸಕನೂ ಆಗಿರಬೇಕು ಎಂದು ಗೊತ್ತುಪಡಿಸಿತು. ಡಾಕ್ಟರೇಟ್ ಕೈಗೆ ಬರುವ ಮುನ್ನ ಒಂದು ಇಡೀ ವರ್ಷ, ಸುಮಾರು ೨,೦೦೦ ಗಂಟೆ, ಹಿರಿಯರ ಮೇಲ್ವಿಚಾರಣೆಯಲ್ಲಿ ದುಡಿಯುವ ಇಂಟರ್ನ್‌ಶಿಪ್ ಪದ್ಧತಿ ಅಲ್ಲಿ ಬೇರೂರಿದ್ದು ಹೀಗೆ. ನಮ್ಮಲ್ಲಿ ಪಿಎಚ್.ಡಿ. ಮುಖ್ಯವಾಗಿ ಸಂಶೋಧನೆಯ ಪದವಿ. ಚಿಕಿತ್ಸೆಯ ತರಬೇತಿಯೆಲ್ಲ ಎಂ.ಫಿಲ್.ನ ಎರಡು ವರ್ಷಗಳಲ್ಲಿ, ಇತ್ತೀಚೆಗೆ ಬಂದಿರುವ ಸೈ.ಡಿ. ಎಂಬ ವೃತ್ತಿಪರ ಡಾಕ್ಟರೇಟಿನಲ್ಲಿ ನಡೆಯುತ್ತದೆ. ಹೆಸರು ಬೇರೆಯಾದರೂ ತಿರುಳು ಒಂದೇ: ಹಿರಿಯರೊಬ್ಬರ ಕಣ್ಗಾವಲಿನಲ್ಲಿ ರೋಗಿಗಳ ನಡುವೆ ಕಲಿಯುವುದು.

ರೋಗಿಗಳು ಎಲ್ಲಿದ್ದಾರೆ ಎಂಬ ಪ್ರಶ್ನೆ ಅಲ್ಲಿಯೂ ತಡವಾಗಿಯೇ ಎದ್ದಿತು. ಲಂಡನ್ನಿನಲ್ಲಿ ಮೈಕೆಲ್ ಬಾಲಿಂಟ್ ೧೯೫೦ರ ದಶಕದಲ್ಲಿ ಸಾಮಾನ್ಯ ವೈದ್ಯರನ್ನು ಗುಂಪಾಗಿ ಕೂರಿಸಿಕೊಂಡು, ಪದೇ ಪದೇ ಬಂದು ತಲೆತಿನ್ನುವ ರೋಗಿಗಳ ಬಗ್ಗೆ ಮಾತಾಡಿಸುತ್ತಿದ್ದರು. ವೈದ್ಯ ಕೊಡುವ ಔಷಧಿಗಳಲ್ಲಿ ವೈದ್ಯನೂ ಒಂದು ಔಷಧಿ, ಅದರ ಪ್ರಮಾಣ ಎಷ್ಟಿರಬೇಕು ಎಂಬುದು ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ ಎಂಬುದು ೧೯೫೭ರ ಅವರ ಗ್ರಂಥದ ಸಾರ. ಮುಂದೆ ೧೯೯೦ರ ದಶಕದಲ್ಲಿ ಅಮೆರಿಕದ ಕೆಲವು ಮನಶ್ಶಾಸ್ತ್ರಜ್ಞರು ತಮ್ಮ ಕೊಠಡಿಯನ್ನೇ ಬಿಟ್ಟು ಸಾಮಾನ್ಯ ವೈದ್ಯರ ಕ್ಲಿನಿಕ್ಕಿನೊಳಗೆ ಬಂದು ಕುಳಿತರು. ೨೦೦೨ರಿಂದ ಅಲ್ಲಿನ ಕೇಂದ್ರ ಸರ್ಕಾರ ಮನಶ್ಶಾಸ್ತ್ರದ ಡಾಕ್ಟರೇಟ್ ವಿದ್ಯಾರ್ಥಿಗಳ ತರಬೇತಿಗೆಂದೇ ಪ್ರತ್ಯೇಕ ಅನುದಾನ ಕೊಡತೊಡಗಿತು. ಅದರಲ್ಲಿ ಒಂದು ಪಾಲು ಪ್ರಾಥಮಿಕ ಚಿಕಿತ್ಸಾಲಯಗಳಲ್ಲಿ ನಡೆಯುವ ಇಂಟರ್ನ್‌ಶಿಪ್‌ಗಳಿಗೆ ಹೋಗುತ್ತದೆ.

ಕ್ಲಿನಿಕ್ಕಿನೊಳಗೆ ಕುಳಿತು ಕಲಿಯುವುದೆಂದರೆ ಏನು? ಇದನ್ನು ತುಸು ಬಿಡಿಸಿ ನೋಡೋಣ. ದೊಡ್ಡಾಸ್ಪತ್ರೆಯಲ್ಲಿ ಮನಶ್ಶಾಸ್ತ್ರಜ್ಞರಿಗೆ ಒಬ್ಬ ರೋಗಿಗೆ ಮುಕ್ಕಾಲು ಗಂಟೆ, ಒಂದು ಗಂಟೆ ಸಿಗುತ್ತದೆ. ವಾರವಾರ ಬರುವಂತೆ ಹೇಳಬಹುದು. ಕ್ಲಿನಿಕ್ಕಿನಲ್ಲಿ ಸಿಗುವುದು ಹದಿನೈದರಿಂದ ಮೂವತ್ತು ನಿಮಿಷ. ಆ ಮನುಷ್ಯ ಮತ್ತೆ ಬರುತ್ತಾನೆಂಬ ಖಾತರಿ ಇಲ್ಲ. ವೈದ್ಯರು ರೋಗಿಯನ್ನು ನೋಡುತ್ತಲೇ ಪಕ್ಕದ ಕೊಠಡಿಯ ತರಬೇತುದಾರನನ್ನು ಕರೆದು, ‘ಇವರು ನಮ್ಮವರೇ, ಸ್ವಲ್ಪ ಮಾತಾಡಿ’ ಎಂದು ಪರಿಚಯ ಮಾಡಿಸುತ್ತಾರೆ. ಈ ಪರಿಚಯದಲ್ಲೇ ಅರ್ಧ ಚಿಕಿತ್ಸೆ ಇದೆ ಎನ್ನಬೇಕು. ‘ಮನೋರೋಗ ವಿಭಾಗಕ್ಕೆ ಹೋಗಿ’ ಎಂದು ಚೀಟಿ ಬರೆದುಕೊಟ್ಟರೆ ಬಹಳ ಮಂದಿ ಅದನ್ನು ಮಡಚಿ ಜೇಬಿನಲ್ಲಿಟ್ಟು ಮನೆಗೆ ಹೋಗುತ್ತಾರೆ. ‘ನನಗೇನು ಹುಚ್ಚೇ?’ ಎಂಬ ಪ್ರಶ್ನೆ ಅವರನ್ನು ತಡೆಯುತ್ತದೆ. ಅದೇ ಆಸ್ಪತ್ರೆಯ ಅದೇ ಪಡಸಾಲೆಯಲ್ಲಿ, ಬಿ.ಪಿ. ನೋಡುವ ಸಿಸ್ಟರ್ ಪಕ್ಕದಲ್ಲೇ ಇನ್ನೊಬ್ಬರು ಕೂತು ಮಾತಾಡಿಸಿದರೆ ಆ ಪ್ರಶ್ನೆ ಏಳುವುದಿಲ್ಲ.

ಉದಾಹರಣೆಗೆ ಆನೆಯ ಭಯದಿಂದ ನಿದ್ದೆಗೆಟ್ಟ ಹೆಣ್ಣಾಳನ್ನೇ ತೆಗೆದುಕೊಳ್ಳಿ. ತರಬೇತುದಾರ ಮೊದಲು ಕೇಳಿ ತಿಳಿಯಬೇಕಾದದ್ದು, ಭಯ ದಾರಿಯದೋ ಮನೆಯೊಳಗಿನದೋ ಎಂಬುದನ್ನು. ಆನೆಯನ್ನು ಮುಂದಿಟ್ಟುಕೊಂಡು ಗಂಡನ ಹೊಡೆತವನ್ನು ಹೇಳಲು ಬಂದಿರಬಹುದು. ಕಣ್ಣೆದುರು ಸಾವು ಕಂಡು ಅದೇ ಚಿತ್ರ ಮತ್ತೆ ಮತ್ತೆ ಬರುತ್ತಿರಬಹುದು. ಅಥವಾ ಏನೂ ಇಲ್ಲದೆ, ನ್ಯಾಯವಾದ ಭಯವೇ ಇರಬಹುದು. ಆಗ ಆಕೆಗೆ ಬೇಕಾದದ್ದು ಕೆಲಸಕ್ಕೆ ಹೊರಡುವ ಹೊತ್ತು ಬದಲಾಗುವುದು ಅಥವಾ ನಾಲ್ವರ ಜೊತೆ. ಊಟ ಸೇರುತ್ತದೆಯೇ, ಬದುಕು ಬೇಡವೆನಿಸಿದೆಯೇ ಎಂದು ಕೇಳಲು ಹಿಂಜರಿಯಬಾರದು. ಸಾಯುವ ಯೋಚನೆಯ ಬಗ್ಗೆ ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ನಂಬಿಕೆ. ತೋಟದ ಮನೆಗಳಲ್ಲಿ ಕ್ರಿಮಿನಾಶಕದ ಡಬ್ಬಿ ಕೈಗೆಟುಕುವ ಜಾಗದಲ್ಲೇ ಇರುವುದರಿಂದ ಈ ಒಂದು ಪ್ರಶ್ನೆಯನ್ನು ಕೇಳದೆ ಬಿಡುವುದು ಅಪಾಯ. ಇಷ್ಟನ್ನೂ ಅರ್ಧ ಗಂಟೆಯಲ್ಲಿ ಮುಗಿಸಿ, ವೈದ್ಯರಿಗೆ ಎರಡು ವಾಕ್ಯದಲ್ಲಿ ವರದಿ ಹೇಳಬೇಕು. ಆ ಎರಡು ವಾಕ್ಯ ಹೇಳಲು ಕಲಿಯುವುದೇ ಕಷ್ಟ; ವಿಶ್ವವಿದ್ಯಾನಿಲಯದಲ್ಲಿ ಇಪ್ಪತ್ತು ಪುಟದ ವರದಿ ಬರೆಯುವ ಅಭ್ಯಾಸವಾಗಿರುತ್ತದೆ.

ಭಾಷೆಯ ಪ್ರಶ್ನೆಯೂ ಇದೆ. ‘ಡಿಪ್ರೆಶನ್’ ಎಂಬ ಪದವನ್ನು ಇಂಗ್ಲಿಷಿನಲ್ಲಿ ಕಲಿತು, ‘ಖಿನ್ನತೆ’ ಎಂದು ಕನ್ನಡಿಸಿಕೊಂಡು ಬಂದವನಿಗೆ ಮಲೆನಾಡಿನ ಅಜ್ಜಿ ‘ಬೇಜಾರು’, ‘ಸಂಕಟ’, ‘ಮನಸಿಗೆ ಹಚ್ಕಂಡಿದೀನಿ’ ಎನ್ನುವಾಗ ಯಾವುದು ಯಾವುದೆಂದು ತಿಳಿಯುವುದು ಸುಲಭವಲ್ಲ. ‘ಗಾಳಿ ಸೋಕಿದೆ’ ಎಂಬ ಮಾತನ್ನು ಕೇಳಿ ನಗುವವನು ಅಲ್ಲಿಗೇ ರೋಗಿಯನ್ನು ಕಳೆದುಕೊಂಡ. ಈ ವಿಚಾರದಲ್ಲಿ ಕನ್ನಡನಾಡಿನಲ್ಲೇ ನಡೆದ ಒಂದು ಅಧ್ಯಯನ ಜಗತ್ತಿಗೇ ಪಾಠ ಹೇಳಿದೆ. ಮನೋವೈದ್ಯ ಆರ್.ಎಲ್. ಕಪೂರ್ ಅವರು ಮಾರಿಸ್ ಕಾರ್‌ಸ್ಟೇರ್ಸ್ ಅವರೊಡನೆ ಕರಾವಳಿಯ ಕೋಟದಲ್ಲಿ ನಡೆಸಿದ ಅಧ್ಯಯನ ೧೯೭೬ರಲ್ಲಿ ಪುಸ್ತಕವಾಗಿ ಬಂತು. ಹೌದು, ಶಿವರಾಮ ಕಾರಂತರ ಹುಟ್ಟೂರಾದ ಕೋಟವೇ. ಅಲ್ಲಿನ ಬ್ರಾಹ್ಮಣರು, ಬಂಟರು, ಮೊಗವೀರರ ಮನೆಮನೆಗೂ ಹೋಗಿ, ಅವರ ಮಾತಿನಲ್ಲೇ ಪ್ರಶ್ನೆಗಳನ್ನು ರೂಪಿಸಿಕೊಂಡು ಮನಸ್ಸಿನ ತೊಂದರೆಗಳನ್ನು ದಾಖಲಿಸಿದರು. ಜನ ಮಂತ್ರವಾದಿ, ಪಾತ್ರಿಗಳ ಬಳಿಗೂ ಹೋಗುತ್ತಾರೆ, ಡಾಕ್ಟರ ಬಳಿಗೂ ಹೋಗುತ್ತಾರೆ. ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡಬೇಕೆಂದು ಅವರಿಗೆ ಅನ್ನಿಸಿಲ್ಲ ಎಂಬುದು ಅಲ್ಲಿ ಕಂಡ ಸಂಗತಿ.

ಕಪೂರರು ಕೋಟದಿಂದ ಕಲಿತದ್ದನ್ನು ನಿಮ್ಹಾನ್ಸ್‌ಗೆ ತಂದರು. ಅಲ್ಲಿ ೧೯೭೫ರಲ್ಲಿ ಸಮುದಾಯ ಮನೋವೈದ್ಯಕೀಯ ಘಟಕ ಹುಟ್ಟಿತು. ಮರುವರ್ಷ ಬನ್ನೇರುಘಟ್ಟದ ಕಡೆಯ ಸಕಲವಾರ ಎಂಬ ಹಳ್ಳಿಯಲ್ಲಿ ಗ್ರಾಮಾಂತರ ಕೇಂದ್ರ ತೆರೆಯಿತು. ಅದೇ ಹೊತ್ತಿಗೆ ಚಂಡೀಗಢದ ವೈದ್ಯರು ಹರಿಯಾಣದ ರಾಯ್‌ಪುರ್ ರಾಣಿಯಲ್ಲಿ ಇಂಥದೇ ಪ್ರಯೋಗ ನಡೆಸಿದ್ದರು. ಸಕಲವಾರದ ಯೋಚನೆ ಆ ಕಾಲಕ್ಕೆ ಧೈರ್ಯದ್ದು. ತಜ್ಞರು ಎಲ್ಲ ಹಳ್ಳಿಗೂ ಹೋಗುವುದು ಆಗದ ಮಾತು; ಆದ್ದರಿಂದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಒಂದೆರಡು ವಾರಗಳ ತರಬೇತಿ ಕೊಟ್ಟು, ಮುಖ್ಯವಾದ ಮನೋರೋಗಗಳನ್ನೂ ಮೂರ್ಛೆರೋಗವನ್ನೂ ಗುರುತಿಸಿ ಔಷಧಿ ಕೊಡಲು ಕಲಿಸುವುದು. ೧೯೮೨ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ನಡೆಸಿ ನೋಡಲು ಆರಿಸಿಕೊಂಡದ್ದು ನಮ್ಮ ಬಳ್ಳಾರಿಯನ್ನು. ೧೯೮೫ರಿಂದ ಐದು ವರ್ಷ ಅಲ್ಲಿ ನಡೆದ ಪ್ರಯೋಗವೇ ‘ಬಳ್ಳಾರಿ ಮಾದರಿ’ ಎಂದು ಹೆಸರಾಗಿ, ೧೯೯೬ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಚ್ಚಾಯಿತು. ಸರಪಳಿ ಬಿಗಿದು ಕತ್ತಲ ಕೋಣೆಯಲ್ಲಿಟ್ಟಿದ್ದವರು ಮಾತ್ರೆ ನುಂಗಿ ಮತ್ತೆ ಹೊಲಕ್ಕೆ ಹೋಗುವಂತಾಗಬಹುದು, ಅದೂ ತಮ್ಮ ಊರಿನ ಆಸ್ಪತ್ರೆಯಿಂದಲೇ ಎಂಬ ಭರವಸೆ ಅದರಿಂದ ಬಂತು. ಇದು ಸಾಮಾನ್ಯ ಸಾಧನೆಯಲ್ಲ.

ಆದರೆ ಆ ಮಾದರಿಯಲ್ಲಿ ಒಂದು ಕೊರತೆ ಉಳಿಯಿತು ಎಂದೇ ನನ್ನ ಎಣಿಕೆ. ಅದು ವೈದ್ಯರ ಕೈಗೆ ಔಷಧಿ ಕೊಟ್ಟಿತು, ಮಾತು ಕೊಡಲಿಲ್ಲ. ಅಂದಿನ ಸನ್ನಿವೇಶದಲ್ಲಿ ಅದಕ್ಕೆ ಸಕಾರಣವೂ ಇತ್ತು. ಕಠಿಣ ಕಾಯಿಲೆಯವರೇ ಮೊದಲು ಸಿಗಬೇಕಾದವರು, ಮಾತ್ರೆ ಎಣಿಸಿ ಕೊಡುವಷ್ಟು ಸುಲಭವಾಗಿ ಮಾತನ್ನು ಎಣಿಸಲಾಗದು. ಮನಶ್ಶಾಸ್ತ್ರಜ್ಞರ ತರಬೇತಿಯ ಕೇಂದ್ರ ಮಾತ್ರ ಹೊಸೂರು ರಸ್ತೆಯ ದೊಡ್ಡ ಆವರಣದಲ್ಲೇ ಉಳಿಯಿತು. ಸಮುದಾಯದ ಕೆಲಸ ಪಠ್ಯಕ್ರಮದ ಒಂದು ಅಂಗವಾಯಿತೇ ಹೊರತು ಅದೇ ಪಠ್ಯವಾಗಲಿಲ್ಲ. ಜಿಲ್ಲಾ ಕಾರ್ಯಕ್ರಮದ ತಂಡದಲ್ಲಿ ಒಬ್ಬ ಮನಶ್ಶಾಸ್ತ್ರಜ್ಞ ಇರಬೇಕೆಂದು ಕಾಗದದ ಮೇಲಿದೆ. ಇಡೀ ಜಿಲ್ಲೆಗೆ ಒಬ್ಬರು! ಎಂಟು ತಾಲ್ಲೂಕಿನ ಹಾಸನ ಜಿಲ್ಲೆಯಲ್ಲಿ ಆ ಒಬ್ಬರು ಅರಸೀಕೆರೆಯಿಂದ ಸಕಲೇಶಪುರದವರೆಗೆ ಓಡಾಡಿ ಎಷ್ಟು ಜನರ ಮಾತು ಕೇಳಿಯಾರು?

ಇಲ್ಲಿ ನೆರೆಯ ಗೋವಾದ ಅನುಭವ ಕೆಲಸಕ್ಕೆ ಬರುತ್ತದೆ. ವಿಕ್ರಂ ಪಟೇಲ್ ಮತ್ತು ಅವರ ಸಂಗಡಿಗರು ಅಲ್ಲಿನ ಪ್ರಾಥಮಿಕ ಚಿಕಿತ್ಸಾಲಯಗಳಲ್ಲಿ, ಮನಶ್ಶಾಸ್ತ್ರದ ಪದವಿಯೇ ಇಲ್ಲದ ಸ್ಥಳೀಯರನ್ನು ಆರಿಸಿ ಆಪ್ತಸಲಹೆಗೆ ತರಬೇತು ಮಾಡಿದರು. ೨೦೧೦ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದಂತೆ, ಸರ್ಕಾರಿ ಆರೋಗ್ಯ ಕೇಂದ್ರಗಳಿಗೆ ಬಂದ ಖಿನ್ನತೆ, ಆತಂಕದ ರೋಗಿಗಳಲ್ಲಿ ಇಂಥ ಸಲಹೆಗಾರರ ನೆರವು ಪಡೆದವರು ಉಳಿದವರಿಗಿಂತ ಹೆಚ್ಚಿನ ಸಂಖ್ಯೆಯಲ್ಲಿ ಚೇತರಿಸಿಕೊಂಡರು. ಖಾಸಗಿ ವೈದ್ಯರ ಕ್ಲಿನಿಕ್ಕುಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಅದೇ ವರದಿ ಮುಚ್ಚಿಡಲಿಲ್ಲ. ೨೦೧೭ರಲ್ಲಿ ಇದೇ ತಂಡ, ಕಠಿಣ ಖಿನ್ನತೆಗೂ ಇಂಥ ಸಲಹೆಗಾರರು ನೀಡುವ ಆರೆಂಟು ಭೇಟಿಗಳ ಮಾತಿನ ಚಿಕಿತ್ಸೆ ನೆರವಾಗುತ್ತದೆಂದು ತೋರಿಸಿತು.

ಹಾಗಾದರೆ ಪದವಿ ಪಡೆದ ಮನಶ್ಶಾಸ್ತ್ರಜ್ಞರು ಬೇಡವೇ ಎಂದು ಯಾರಾದರೂ ಕೇಳಬಹುದು. ಬೇಕು; ಆದರೆ ಅವರ ಕೆಲಸ ಬದಲಾಗುತ್ತದೆ. ಆ ಸಲಹೆಗಾರರನ್ನು ಆರಿಸಿ, ಕಲಿಸಿ, ತಪ್ಪಿದಾಗ ತಿದ್ದಿ, ಅವರು ದಣಿದಾಗ ಅವರ ಮಾತನ್ನೂ ಕೇಳುವವರು ಬೇಕಲ್ಲ. ಆಶಾ ಕಾರ್ಯಕರ್ತೆ, ಸಿಸ್ಟರ್, ವೈದ್ಯರು ಇವರ ನಡುವೆ ಕೂತು ಕೆಲಸ ಮಾಡುವ ಈ ಕಲೆಯನ್ನು ದೊಡ್ಡಾಸ್ಪತ್ರೆಯ ಕೊಠಡಿಯಲ್ಲಿ ಕಲಿಯಲಾಗದು. ಸಿಸ್ಟರ್‌ಗೆ ತಿಳಿದಿರುವ ಊರಿನ ಸುದ್ದಿ ತನಗೆ ತಿಳಿದಿಲ್ಲ ಎಂದು ಒಪ್ಪಿಕೊಳ್ಳುವ ವಿನಯವೂ ಅದರ ಒಂದು ಪಾಠ.

ತೊಡಕುಗಳೂ ಇವೆ, ಅವನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಮೊದಲನೆಯದು ಗುಟ್ಟಿನ ಪ್ರಶ್ನೆ. ನಗರದಲ್ಲಿ ಯಾರು ಯಾವ ಕೊಠಡಿಗೆ ಹೋದರೆಂದು ಯಾರೂ ನೋಡುವುದಿಲ್ಲ. ಹೋಬಳಿ ಊರಿನಲ್ಲಿ ಸಾಲಿನಲ್ಲಿ ನಿಂತವರೆಲ್ಲ ನೆಂಟರು ಅಥವಾ ನೆರೆಯವರು. ತೆಳುವಾದ ಬಾಗಿಲಿನ ಆಚೆ ಅತ್ತೆಯೇ ಕೂತಿರಬಹುದು. ದಾಖಲೆ ಪುಸ್ತಕದಲ್ಲಿ ಏನು ಬರೆಯಬೇಕು, ಏನನ್ನು ಬರೆಯಬಾರದು ಎಂಬುದನ್ನು ತರಬೇತಿಯ ಮೊದಲ ವಾರವೇ ಕಲಿಸಬೇಕಾಗುತ್ತದೆ. ಎರಡನೆಯದು ಇನ್ನೂ ದೊಡ್ಡದು. ತರಬೇತಿಗೆ ಬಂದವನು ಆರು ತಿಂಗಳಿಗೋ ವರ್ಷಕ್ಕೋ ಹೊರಟುಹೋಗುತ್ತಾನೆ. ಹತ್ತು ವರ್ಷದಿಂದ ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿಕೊಂಡವರ ಗತಿಯೇನು? ತಮ್ಮ ಕಷ್ಟವನ್ನು ಪ್ರತಿವರ್ಷ ಹೊಸ ಹುಡುಗನಿಗೆ ಮೊದಲಿನಿಂದ ಹೇಳಬೇಕೆಂದರೆ ಯಾರಿಗೂ ಬೇಸರವೇ. ಅಮೆರಿಕದಲ್ಲೂ ಪ್ರತಿವರ್ಷ ಇಂಟರ್ನ್‌ಗಳು ಬದಲಾಗುವ ಕ್ಲಿನಿಕ್ಕುಗಳಿಗೆ ಈ ತೊಂದರೆ ತಪ್ಪಿದ್ದಲ್ಲ. ಊರಿನಲ್ಲೇ ಉಳಿಯುವ ಸಿಸ್ಟರ್ ಅಥವಾ ಆಶಾ ಕಾರ್ಯಕರ್ತೆಯೊಬ್ಬರು ಮೊದಲ ದಿನದಿಂದ ಜೊತೆಗೂಡಿ, ರೋಗಿಯ ಒಪ್ಪಿಗೆ ಪಡೆದು ಆ ಕಥೆಯ ವಾರಸುದಾರರಾದರೆ ಮಾತ್ರ ಇದಕ್ಕೆ ಸ್ವಲ್ಪ ಪರಿಹಾರ ಸಿಕ್ಕೀತು. ಹಾಗಾಗದಿದ್ದರೆ ಅದು ರೋಗಿಯ ಖರ್ಚಿನಲ್ಲಿ ವಿದ್ಯಾರ್ಥಿಯ ಲಾಭವಾಗುತ್ತದೆ.

ಮೇಲ್ವಿಚಾರಕರ ಕೊರತೆ ಮೂರನೆಯದು. ತರಬೇತುದಾರನ ಹಿಂದೆ ಹಿರಿಯರೊಬ್ಬರು ಇರಲೇಬೇಕು; ಸಾಯುತ್ತೇನೆನ್ನುವ ರೋಗಿ ಎದುರಿಗೆ ಕುಳಿತಾಗ ‘ಮುಂದಿನ ಬುಧವಾರ ಕೇಳಿ ಹೇಳುತ್ತೇನೆ’ ಎನ್ನಲಾಗದು. ೨೦೨೨ರ ಅಕ್ಟೋಬರ್ ೧೦ರಂದು ಶುರುವಾದ ‘ಟೆಲಿ ಮಾನಸ್’ ಸಹಾಯವಾಣಿಗೆ ನಿಮ್ಹಾನ್ಸ್ ತಾಂತ್ರಿಕ ಆಸರೆ ಇದೆ; ೧೪೪೧೬ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಇದು ಕಷ್ಟದಲ್ಲಿರುವವರಿಗಾಗಿ ಇರುವ ಏರ್ಪಾಡು. ಆದರೆ ದೂರದ ಹಿರಿಯರು ಕಿರಿಯರ ಬೆನ್ನಿಗೆ ಫೋನಿನಲ್ಲಿ, ಪರದೆಯ ಮೇಲೆ ನಿಲ್ಲಬಹುದು ಎಂಬುದಕ್ಕೂ ಇದೊಂದು ದಾರಿ ತೋರಿಸಿದೆ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟೂ ಸಿಗ್ನಲ್ಲೂ ಒಟ್ಟಿಗೆ ಕೈಕೊಡುವುದನ್ನು ಬಲ್ಲವರು ಇಲ್ಲಿ ಸುಮ್ಮನೆ ನಕ್ಕಾರು, ಅದು ಬೇರೆ ಮಾತು.

ಕಾನೂನು ಈಗಾಗಲೇ ಅರ್ಧ ದಾರಿ ನಡೆದಿದೆ. ೨೦೧೮ರ ಮೇ ತಿಂಗಳಲ್ಲಿ ಜಾರಿಗೆ ಬಂದ ೨೦೧೭ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, ಮಾನಸಿಕ ಆರೋಗ್ಯ ಸೇವೆಯನ್ನು ಪ್ರಾಥಮಿಕ ಮಟ್ಟದಿಂದ ಹಿಡಿದು ಎಲ್ಲ ಹಂತದ ಸಾಮಾನ್ಯ ಆರೋಗ್ಯ ಸೇವೆಯೊಂದಿಗೆ ಬೆಸೆಯಬೇಕೆಂದು ಸರ್ಕಾರಕ್ಕೆ ವಿಧಿಸಿದೆ. ಅದೇ ಕಾಯ್ದೆ ಚಿಕಿತ್ಸಾ ಮನಶ್ಶಾಸ್ತ್ರಜ್ಞ ಯಾರು ಎಂದು ಹೇಳುವಾಗ ಮೇಲ್ವಿಚಾರಣೆಯಲ್ಲಿ ಪಡೆದ ಎರಡು ವರ್ಷಗಳ ಪೂರ್ಣಾವಧಿ ತರಬೇತಿಯನ್ನು ಹೆಸರಿಸುತ್ತದೆ. ಸೇವೆ ಎಲ್ಲಿರಬೇಕೆಂದು ಹೇಳಿದ ಕಾನೂನು, ಆ ಎರಡು ವರ್ಷಗಳಲ್ಲಿ ಎಷ್ಟು ದಿನ ಸೇವೆಯ ಆ ಜಾಗದಲ್ಲೇ ಕಲಿಯಬೇಕೆಂದು ಹೇಳಿಲ್ಲ. ಪಠ್ಯಕ್ರಮ ಬರೆಯುವವರು ಮನಸ್ಸು ಮಾಡಿದರೆ ಅದನ್ನು ಹೇಳುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಹಾಸನದಲ್ಲಿ ೨೦೦೬ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಅಲ್ಲಿಂದ ಆಲೂರು ಹತ್ತಿರ, ಸಕಲೇಶಪುರವೂ ದೂರವಲ್ಲ. ವಾರಕ್ಕೆ ಎರಡು ದಿನ ಇಬ್ಬರು ತರಬೇತುದಾರರು ಒಂದು ಹೋಬಳಿ ಕೇಂದ್ರಕ್ಕೆ ಬಂದು ಕೂತರೂ ಆರಂಭವಾದೀತು.

ಅವರಿಗೆ ಬೇಕಾದದ್ದು ಹೆಚ್ಚೇನಿಲ್ಲ: ಬಾಗಿಲು ಮುಚ್ಚಿಕೊಳ್ಳುವ ಒಂದು ಸಣ್ಣ ಕೋಣೆ, ಎರಡು ಕುರ್ಚಿ, ಬೀಗವಿರುವ ಒಂದು ಬೀರು, ಪಾಳಿ ಗೊತ್ತಿರುವ ಒಬ್ಬ ಸಿಸ್ಟರ್. ಮಳೆಗಾಲದಲ್ಲಿ ಒಂದು ಜೊತೆ ರಬ್ಬರ್ ಬೂಟು. ಆನೆ ರಸ್ತೆಗಿಳಿದಿದೆ ಎಂಬ ಸುದ್ದಿ ಬಂದ ಸಂಜೆಗಳಲ್ಲಿ ಉಳಿದುಕೊಳ್ಳಲು ವೈದ್ಯರ ವಸತಿಗೃಹದಲ್ಲಿ ಒಂದು ಮಂಚ.